ಆರೋಗ್ಯ ಪ್ರಶ್ನೋತ್ತರ: ಐಸಿಯುನಲ್ಲಿ ಬಡವರು ಉಳಿಯುವುದು ಕಡಿಮೆಯೇ?

ಪ್ರಶ್ನೆ: ಕೂಲಿ ಮಾಡುತ್ತಿದ್ದ ನಮ್ಮ ಸೋದರಮಾವ ಕಲಬುರಗಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ರಕ್ತಕ್ಕೆ ನಂಜೇರಿ ತೀರಿಕೊಂಡರು. ಪಕ್ಕದ ಹಾಸಿಗೆಯಲ್ಲಿ ಇದೇ ಕಾಯಿಲೆಯಿಂದ ಮಲಗಿದ್ದ ವ್ಯಾಪಾರಸ್ಥರು ಗುಣವಾಗಿ ಮನೆಗೆ ಹೋದರು. ಇಬ್ಬರಿಗೂ ಒಂದೇ ಚಿಕಿತ್ಸೆ ಕೊಟ್ಟೆವೆಂದು ವೈದ್ಯರು ಹೇಳಿದರು. ಬಡವರು ಉಳಿಯುವುದು ಕಡಿಮೆ ಎಂಬುದು ನಮ್ಮ ಭ್ರಮೆಯೇ?
– ಓದುಗರು, ಸುರಪುರ

ಉತ್ತರ: ಇಬ್ಬರನ್ನು ಹೋಲಿಸಿ ಒಬ್ಬರ ಸಾವಿನ ಕಾರಣ ಹೇಳಲಾಗದು. ಆದರೆ ನಿಮ್ಮ ಅನುಮಾನ ಭ್ರಮೆಯಲ್ಲ, ವೈದ್ಯರ ಮಾತೂ ಸುಳ್ಳಾಗಿರಬೇಕಿಲ್ಲ.

ಐಸಿಯು ರೋಗಿಯ ಸ್ಥಿತಿ ಎಷ್ಟು ಗಂಭೀರವೆಂದು ಅಳೆಯಲು 1985ರಲ್ಲಿ ಪ್ರಕಟವಾದ ಅಪಾಚೆ-2 ಎಂಬ ಪದ್ಧತಿಯಿದೆ. ಮೊದಲ 24 ಗಂಟೆಗಳ ರಕ್ತದೊತ್ತಡ, ಉಸಿರಾಟ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮೊದಲಾದ 12 ಅಳತೆಗಳಿಗೆ ವಯಸ್ಸನ್ನೂ ಹಳೆಯ ಕಾಯಿಲೆಗಳನ್ನೂ ಸೇರಿಸಿ 0ಯಿಂದ 71ರವರೆಗೆ ಅಂಕ ಕೊಡುತ್ತಾರೆ; ಅಂಕ ಹೆಚ್ಚಿದಷ್ಟೂ ಸ್ಥಿತಿ ಗಂಭೀರ. ಇಂಥ ಅಂಕ ಸಮನಾಗಿರುವ ಬಡವರನ್ನೂ ಉಳ್ಳವರನ್ನೂ ಹೋಲಿಸಿದಾಗ ಸಾವಿನ ಅಂತರ ಕುಗ್ಗುವುದುಂಟು, ಕೆಲವೆಡೆ ಕಾಣದೆಯೂ ಹೋಗುವುದುಂಟು. ಅದನ್ನು ನೋಡಿ ಅಸಮಾನತೆಯೇ ಇಲ್ಲವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಬಡವರು ಹೆಚ್ಚಿನ ಅಂಕ ಹೊತ್ತು ಬರುವುದೇ ಬಡತನದಿಂದಾಗಿ. ಅಂಕ ಸಮನಾಗಿರುವವರನ್ನಷ್ಟೇ ಹೋಲಿಸಿದರೆ ನಾವು ಹುಡುಕುತ್ತಿರುವುದನ್ನೇ ಲೆಕ್ಕದಿಂದ ಅಳಿಸಿದಂತಾಗುತ್ತದೆ.

ನಂಜೇರಿ ರಕ್ತದೊತ್ತಡ ಕುಸಿದ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಸಿಗಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಭಾಗದ ಕೂಲಿಕಾರರೊಬ್ಬರು ಜ್ವರವಿದ್ದರೂ ಕೂಲಿ ತಪ್ಪಬಾರದೆಂದು ಒಂದೆರಡು ದಿನ ತೊಗರಿ ಹೊಲಕ್ಕೆ ಹೋಗಿ, ಊರಿನ ಆರ್‌ಎಂಪಿ (ವೈದ್ಯ ಪದವಿಯಿಲ್ಲದ ಊರ ಡಾಕ್ಟರ್) ಹತ್ತಿರ ಸೂಜಿ ಮಾಡಿಸಿಕೊಂಡು, ಕಡೆಗೆ ಸಾಲ ಎತ್ತಿ ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ತಲುಪುವ ಹೊತ್ತಿಗೆ ಮೂತ್ರಪಿಂಡ ಸೋತಿರುತ್ತದೆ. ಜೊತೆಗೆ ರಕ್ತಹೀನತೆಯಿರಬಹುದು, ಯಾರೂ ಪರೀಕ್ಷಿಸದ ಸಕ್ಕರೆ ಕಾಯಿಲೆಯೂ ಇರಬಹುದು. ಅಲ್ಲಿಂದ ಮುಂದೆ ಚಿಕಿತ್ಸೆ ಒಂದೇ ಆದರೂ ಫಲ ಒಂದೇ ಆಗದು.

ಖರ್ಚಿನ ವಿಚಾರವೂ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆಯೂ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು; ಇದು ಗೊತ್ತಿಲ್ಲದೆ ಪತ್ರಕ್ಕಾಗಿ ಅಲೆಯುವವರಿದ್ದಾರೆ. ಆದರೆ ರೋಗಿಯ ಜೊತೆ ಕುಳಿತ ಮಗನ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ.

ಹಣ ಮುಗಿದಾಗ ಕೆಲವರು ವೈದ್ಯರ ಸಲಹೆ ಮೀರಿ ರೋಗಿಯನ್ನು ಊರಿಗೆ ಒಯ್ಯುತ್ತಾರೆ. ಆ ರೋಗಿ ದಾರಿಯಲ್ಲಿಯೋ ಮನೆಯಲ್ಲಿಯೋ ತೀರಿಕೊಂಡರೆ ಆಸ್ಪತ್ರೆಯ ದಾಖಲೆಯಲ್ಲಿ ಸಾವಾಗಿ ಸೇರುವುದಿಲ್ಲ. ಬದುಕಿ ಬಂದವರಿಗೂ ಸ್ನಾಯು ಸೊರಗಿ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಪೌಷ್ಟಿಕ ಊಟ ಬೇಕಾಗುತ್ತದೆ. ಇವೆರಡೂ ಸಿಗದ ಕೂಲಿಕಾರ ಗುಣವಾದವರ ಪಟ್ಟಿಯಲ್ಲಿದ್ದೂ ದುಡಿಮೆಗೆ ಮರಳಲಾರ. ಆದ್ದರಿಂದ ಐಸಿಯು ಫಲಿತಾಂಶವನ್ನು ಬಿಡುಗಡೆಯ ದಿನಕ್ಕೆ ನಿಲ್ಲಿಸದೆ, ಸಲಹೆ ಮೀರಿ ಹೋದವರನ್ನೂ ಸೇರಿಸಿ, 90 ದಿನಗಳ ನಂತರ ಯಾರು ಬದುಕಿದ್ದಾರೆ, ಯಾರು ದುಡಿಯುತ್ತಿದ್ದಾರೆ ಎಂಬುದನ್ನು ದಾಖಲಿಸಿದರೆ ಮಾತ್ರ ನಿಮ್ಮ ಪ್ರಶ್ನೆಗೆ ನಮ್ಮ ಜಿಲ್ಲೆಗಳ ಅಂಕಿಗಳಿಂದಲೇ ಉತ್ತರಿಸಬಹುದು.