ಕಾಕಾನ ಎದುರು ಮಾತಾಡದ ಹುಡುಗರು

ಪ್ರಶ್ನೆ: ನನಗೆ 51 ವರ್ಷ. ಊರು ಧಾರವಾಡ, ಪುಣೆಗೆ ಬಂದು 26 ವರ್ಷವಾಯಿತು. ಚಾಕಣದ ಕಾರ್ಖಾನೆ ಕೆಲಸ ಬಿಟ್ಟು ಭೋಸರಿಯಲ್ಲಿ ಸಣ್ಣ ಸ್ಟಾರ್ಟ್‌ಅಪ್ ಶುರು ಮಾಡಿದ್ದೇನೆ. ಮಷಿನ್ ಕೆಡುವ ಮೊದಲೇ ಸುಳಿವು ಕೊಡುವ ಸೆನ್ಸರ್ ಮಾಡುತ್ತೇವೆ. ಎಂಟು ಜನ ಹುಡುಗ ಹುಡುಗಿಯರಿದ್ದಾರೆ, ಎಲ್ಲರೂ 25ರ ಆಸುಪಾಸು. ಯಾರೂ ಹೊಸದೇನನ್ನೂ ಹೇಳುವುದಿಲ್ಲ. ಕಳೆದ ತಿಂಗಳು ಜಾಣ ಹುಡುಗನೊಬ್ಬ ಬಿಟ್ಟುಹೋದ. ‘ಸರ್, ನೀವು ನಮ್ಮನ್ನ ಕೇಳೋ ಹೊತ್ತಿಗೆ ನಿಮ್ಮ ತೀರ್ಮಾನ ಆಗಿರುತ್ತೆ’ ಅಂದ. ನನಗೆ ವಯಸ್ಸಾಯಿತು, ಚಿಕ್ಕವರಿಗೆ ಕುರ್ಚಿ ಬಿಟ್ಟುಕೊಡಲೇ?

ಉತ್ತರ: ಆ ಮಾತು ನಿಮ್ಮನ್ನು ಎಷ್ಟು ಚುಚ್ಚಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಆದರೆ ಹುಡುಗ ವಯಸ್ಸಿನ ಮಾತೇ ಎತ್ತಿಲ್ಲ, ಅಲ್ವಾ?

ಕುರ್ಚಿ ಬಿಡಬೇಡಿ. ಅಮೆರಿಕದಲ್ಲಿ ಕಂಪನಿ ಕಟ್ಟಿದ 27 ಲಕ್ಷ ಜನರ ದಾಖಲೆ ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸಾವಿರಕ್ಕೊಂದರಂತೆ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ನೋಡಿದರೆ, ಅವನ್ನು ಶುರು ಮಾಡಿದವರ ಸರಾಸರಿ ವಯಸ್ಸು 45. ನಿಮ್ಮ ಪಕ್ಕದ ಮುಂಬೈಯಲ್ಲೇ ಫಾಲ್ಗುಣಿ ನಾಯರ್ 2012ರಲ್ಲಿ ಸೌಂದರ್ಯ ಸಾಮಗ್ರಿ ಮಾರುವ ನೈಕಾ ಕಂಪನಿ ಶುರು ಮಾಡಿದಾಗ ಅವರಿಗೆ 49. ಯಾವ ಮಷಿನ್ ಹೇಗೆ ಸದ್ದು ಮಾಡಿ ಕೆಡುತ್ತದೆ ಅನ್ನುವುದು ಇಷ್ಟು ವರ್ಷ ಕಾರ್ಖಾನೆಯಲ್ಲಿ ನಿಂತ ನಿಮ್ಮ ಕಿವಿಗೆ ಗೊತ್ತು. ಅದನ್ನು ಯಾರಿಗೆ ಬಿಟ್ಟುಕೊಡುತ್ತೀರಿ?

ತೊಂದರೆ ಬೇರೆ ಕಡೆ ಇದೆ. ಚಿಕ್ಕಪ್ಪ ಅಂದರೆ ಧಾರವಾಡದಲ್ಲೂ ಕಾಕಾ, ಪುಣೆಯಲ್ಲೂ ಕಾಕಾ. ಕಾಕಾನಿಗೆ ಎದುರು ಮಾತಾಡಬಾರದು ಅಂತ ಎರಡೂ ಕಡೆ ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳು ನಿಮ್ಮ ಮೀಟಿಂಗಿನಲ್ಲಿ ಕೂತಿದ್ದಾರೆ. ನೀವು ಮೊದಲು ಬಾಯಿ ತೆರೆದರೆ ಅಲ್ಲಿಗೆ ಮುಗಿಯಿತು. ನನ್ನ ಮೊದಲ ಕೆಲಸದಲ್ಲಿ ನಾನೂ ಹಾಗೇ ಕೂತಿದ್ದೆ. ಹಿರಿಯರು ಶುರು ಮಾಡಿದ ಕೂಡಲೇ ನೋಟ್‌ಬುಕ್ ಮುಚ್ಚುತ್ತಿದ್ದೆ. ಒಳಗೆ ಬರೆದಿಟ್ಟದ್ದು ಒಳಗೇ ಉಳಿಯಿತು. ಇವತ್ತಿಗೂ ಅದರ ಬೇಜಾರಿದೆ.

ಮುಂದಿನ ಮೀಟಿಂಗಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಲಿ, ನೀವು ಕೊನೆಗೆ. ಅದಕ್ಕೂ ಮುಂಚೆ ಹೆಸರು ಹಾಕದೆ ಚೀಟಿ ಬರೆದು ಕೊಡಲಿ. ಬಾಯಲ್ಲಿ ಬಾರದ್ದು ಎಷ್ಟೋ ಸಲ ಕೈಯಲ್ಲಿ ಬರುತ್ತದೆ. ‘ಅದನ್ನ ನಾವು ಆಗಲೇ ಮಾಡಿ ನೋಡಿದ್ವಿ’ ಅನ್ನಬೇಡಿ, ನಿಜವಾಗಿದ್ದರೂ. ಹದಿನೈದು ವರ್ಷದ ಹಿಂದೆ ಸೆನ್ಸರ್ ದುಬಾರಿಯಾಗಿತ್ತು, ಈಗ ಅಗ್ಗ. ಆಗ ಸೋತದ್ದು ಈಗ ಗೆಲ್ಲಬಹುದು. ಒಂದು ಹಳೇ ಲೇತ್ ಮಷಿನ್ ಮತ್ತು ಎರಡು ವಾರ ಕೊಟ್ಟು ಅವರ ಪಾಡಿಗೆ ಬಿಡಿ. ನೀವೇ ಕೆಡಿಸಿದ ಒಂದು ಕೆಲಸದ ಕಥೆಯನ್ನೂ ಹೇಳಿ. ತಪ್ಪು ಮಾಡಿದ ಕಾಕಾನ ಹತ್ತಿರ ಮಕ್ಕಳು ಧೈರ್ಯವಾಗಿ ಬರುತ್ತಾರೆ.

ಇದೆಲ್ಲಕ್ಕೆ ಸ್ವಲ್ಪ ಸಮಯ ಬೇಕು. ಮೊದಲೆರಡು ವಾರ ಚೀಟಿಗಳು ಖಾಲಿಯೇ ಬಂದರೂ ನಿಲ್ಲಿಸಬೇಡಿ.

ಇನ್ನು ಬಿಟ್ಟುಹೋದ ಹುಡುಗ. ಅವನನ್ನು ಚಹಾಕ್ಕೆ ಕರೆಯಿರಿ. ವಾಪಸ್ ಬಾ ಅಂತ ಕೇಳಬೇಡಿ. ನಮ್ಮಲ್ಲಿದ್ದಾಗ ಹೇಳದೇ ಉಳಿಸಿಕೊಂಡದ್ದು ಏನು ಅಂತ ಕೇಳಿ. ಅವನು ಹೇಳುತ್ತಾ ಹೋಗಲಿ, ನೀವು ಸುಮ್ನೆ ಬರೆದುಕೊಳ್ಳಿ.