ಸಣ್ಣ ಸ್ಪೀಡಿನಲ್ಲಿ ಬೈಕ್ ಜರ್ಕ್ ಹೊಡೆದರೆ ಎಲ್ಲಿ ನೋಡಬೇಕು?

ಪ್ರಶ್ನೆ: ನನ್ನದು 2021ರ ಬಿಎಸ್6 ಬೈಕ್. 350 ಸಿಸಿ, ಒಂದೇ ಸಿಲಿಂಡರ್. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಬೆಳಿಗ್ಗೆ ಲಾಲ್‌ಬಾಗ್‌ನಿಂದ ಹಂಪನಕಟ್ಟೆಗೆ ಹೋಗುವಾಗ 15–20 ಕಿ.ಮೀ. ವೇಗದಲ್ಲಿ ಸ್ವಲ್ಪ ರೇಸ್ ಕೊಟ್ಟರೆ ಗಾಡಿ ಮುಂದಕ್ಕೆ ಹಾರುತ್ತದೆ, ಬಿಟ್ಟರೆ ಜಗ್ಗುತ್ತದೆ. ಹಿಂದೆ ಕೂತ ಅಮ್ಮನ ಹೆಲ್ಮೆಟ್ ನನ್ನ ಹೆಲ್ಮೆಟ್‌ಗೆ ಬಡಿಯುತ್ತದೆ. ಸರ್ವಿಸ್‌ನವರು ‘ಈ ಮಾಡೆಲ್ ಇರುವುದೇ ಹೀಗೆ’ ಅಂದರು. ಪೆಟ್ರೋಲ್ ಜಾಸ್ತಿ ಬಿಡುವ ಎಲೆಕ್ಟ್ರಾನಿಕ್ ಡಬ್ಬಿ ಒಂದು ಬರುತ್ತದಂತೆ, ಹಾಕಿಸು ಅಂತ ಗೆಳೆಯ ಹೇಳುತ್ತಾನೆ. ಹಾಕಿಸಲಾ?
— ಓದುಗರು, ಬಿಜೈ, ಮಂಗಳೂರು

ಉತ್ತರ: ಈಗಲೇ ಬೇಡ. ಆ ದುಡ್ಡು ಕಿಸೆಯಲ್ಲೇ ಇರಲಿ.

ಸರ್ವಿಸ್‌ನವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಉಂಟು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಹೊಗೆ ಕಡಿಮೆಯಾಗಬೇಕು ಅಂತ ಈ ಇಂಜಿನ್‌ಗಳಿಗೆ ಪೆಟ್ರೋಲನ್ನು ಅಳೆದೇ ಕೊಡುತ್ತಾರೆ. ನೀವು ರೇಸ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಪುನಃ ತಿರುಗಿಸಿದ ಕೂಡಲೇ ಬಿಡುತ್ತದೆ. ಅದರ ಮೇಲೆ ಒಂದೇ ಸಿಲಿಂಡರ್, ದೊಡ್ಡ ಪಿಸ್ಟನ್. ಆ ಒಂದು ಸಣ್ಣ ನೂಕು ನಿಮಗೆ ಗೊತ್ತಾಗಿಯೇ ಆಗುತ್ತದೆ. ಆದರೆ ಹಿಂದೆ ಕೂತವರ ಹೆಲ್ಮೆಟ್ ಬಂದು ಬಡಿಯುವಷ್ಟು ಜರ್ಕ್ ಅದರಿಂದ ಬರುವುದಿಲ್ಲ. ಆ ಸಣ್ಣ ನೂಕನ್ನು ದೊಡ್ಡದು ಮಾಡುವುದು ಸಡಿಲ. ನಿಮ್ಮ ಕೈಯಿಂದ ಹಿಂದಿನ ಟೈರ್‌ವರೆಗೆ ಎಲ್ಲೆಲ್ಲಿ ಪ್ಲೇ ಜಾಸ್ತಿ ಆಗಿದೆಯೋ ಅಲ್ಲೆಲ್ಲ ಒಂದೊಂದು ಪೆಟ್ಟು. ಬಾವಿಯ ಹಗ್ಗ ಸಡಿಲ ಬಿಟ್ಟು ಒಮ್ಮೆಲೇ ಎಳೆದರೆ ಕೊಡಪಾನ ಹೇಗೆ ಜಗ್ಗುತ್ತದೆ, ಹಾಗೆಯೇ ಇದು.

ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿ. ಇಂಜಿನ್ ಆಫ್ ಮಾಡಿ, ಗ್ರಿಪ್ಪನ್ನು ಎರಡು ಬೆರಳಲ್ಲಿ ಮೆಲ್ಲ ತಿರುಗಿಸಿ. ಕೇಬಲ್ ಹಿಡಿಯುವ ತನಕ ಗ್ರಿಪ್ಪಿನ ಅಂಚು ಎಷ್ಟು ಖಾಲಿ ತಿರುಗುತ್ತದೆ? ಸುಮಾರು 2–3 ಮಿ.ಮೀ. ಇದ್ದರೆ ಸರಿ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಓನರ್ಸ್ ಮ್ಯಾನುವಲ್‌ನಲ್ಲಿ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಕೈಗೆ ಅಂದಾಜೇ ಸಿಗುವುದಿಲ್ಲ. ಖಾಲಿ ತಿರುಗಿ ತಿರುಗಿ, ಕೇಬಲ್ ಹಿಡಿಯುವ ಹೊತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಸಿರುತ್ತೀರಿ. ಗ್ರಿಪ್ಪಿನ ಹತ್ತಿರ ರಬ್ಬರ್ ಟೋಪಿಯ ಒಳಗೆ ಅಡ್ಜಸ್ಟರ್ ಇದೆ. ಲಾಕ್ ನಟ್ ಸಡಿಲಿಸಿ, ಅದನ್ನು ಸ್ವಲ್ಪ ಹೊರಗೆ ತಿರುಗಿಸಿ, ಪುನಃ ಲಾಕ್ ಮಾಡಿ. ಪ್ಲೇ ಪೂರ್ತಿ ತೆಗೆಯಲೇಬೇಡಿ. ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ರೇಸ್ ತನ್ನಷ್ಟಕ್ಕೇ ಏರಿದರೆ ಕೇಬಲ್ ಬಿಗಿಯಾಗಿದೆ ಅಂತ ಅರ್ಥ. ನಂತೂರು ಸರ್ಕಲ್‌ನಲ್ಲಿ ತಿರುಗುವಾಗ ಹಾಗಾದರೆ ಕೈಕಾಲು ಮುರಿಯುತ್ತದೆ ಮಾರಾಯ್ರೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಉಂಟು, ಉಪ್ಪುಗಾಳಿ. ಕೇಬಲ್ ಒಳಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಗ್ರಿಪ್ ಪೂರ್ತಿ ತಿರುಗಿಸಿ ಕೈಬಿಡಿ, ‘ಟಪ್’ ಅಂತ ವಾಪಸ್ ಬರಬೇಕು. ಮೆಲ್ಲ ಬಂದರೆ ಕೇಬಲ್ ಬದಲಿಸಿ.

ಇನ್ನು ಚೈನ್. ರೇಸ್ ಕೊಟ್ಟಾಗ ಚೈನಿನ ಮೇಲಿನ ಭಾಗ ಬಿಗಿ, ಬಿಟ್ಟಾಗ ಕೆಳಗಿನ ಭಾಗ ಬಿಗಿ. ಪ್ರತಿ ಸಲ ಆ ಸಡಿಲ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗುವಾಗ ಒಂದು ಪೆಟ್ಟು ಬೀಳುತ್ತದೆ. ಎರಡು ಸ್ಪ್ರಾಕೆಟ್‌ಗಳ (ಚೈನ್ ಕೂರುವ ಹಲ್ಲಿನ ಚಕ್ರಗಳ) ನಡುವೆ ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಹೆಚ್ಚಿನ ಬೈಕ್‌ಗಳಿಗೆ 25–35 ಮಿ.ಮೀ. ಸಾಕು. ಚಕ್ರ ತಿರುಗಿಸುತ್ತಾ ನಾಲ್ಕೈದು ಜಾಗದಲ್ಲಿ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತಾಡಿದರೆ ಚೈನ್ ಸೆಟ್ಟೇ ಹೋಗಿದೆ, ಅಡ್ಜಸ್ಟ್ ಮಾಡಿ ಪ್ರಯೋಜನ ಇಲ್ಲ.

ಯಾರೂ ನೋಡದೆ ಬಿಡುವ ಜಾಗ ಡ್ರಮ್ ರಬ್ಬರ್. ಹಿಂದಿನ ಚಕ್ರದ ಹಬ್‌ನಲ್ಲಿ, ಸ್ಪ್ರಾಕೆಟ್ ಹಿಂದೆ, ದಪ್ಪ ರಬ್ಬರ್ ತುಂಡುಗಳು ಕೂತಿರುತ್ತವೆ. ಇಂಜಿನ್ನಿನ ಪೆಟ್ಟನ್ನು ನುಂಗುವುದೇ ಅವುಗಳ ಕೆಲಸ. ಉಡುಪಿಯಲ್ಲಿ ಕಲ್ಸಂಕದ ಹತ್ತಿರ ಇರುವ ನನ್ನ ಗ್ಯಾರೇಜಿಗೆ ‘ಪಿಕಪ್ ಸರಿ ಇಲ್ಲ’ ಅಂತ ಬಂದ ಎಷ್ಟೋ ಗಾಡಿಗಳ ಹಬ್ ಬಿಚ್ಚಿದಾಗ ಕಂಡದ್ದು ಒಂದೇ. ರಬ್ಬರಿನ ಒಂದು ಬದಿ ಸವೆದು ಗಾಜಿನಂತೆ ಹೊಳೆಯುತ್ತಿರುತ್ತದೆ, ತಳದಲ್ಲಿ ಕಪ್ಪು ಪುಡಿ, ತುಂಡನ್ನು ಎತ್ತಿದರೆ ಸಲೀಸಾಗಿ ಕೈಗೆ ಬರುತ್ತದೆ. ಹೊಸದಾದರೆ ಒತ್ತಿ ಕೂರಿಸಬೇಕು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಇರುವಾಗ ಗೇರ್‌ಗೆ ಹಾಕಿ. ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಾ ಸ್ಪ್ರಾಕೆಟ್ ಮೇಲೆ ಕಣ್ಣಿಡಿ. ಸ್ಪ್ರಾಕೆಟ್ ನಿಂತಲ್ಲೇ ನಿಂತು ಚಕ್ರ ಮಾತ್ರ ಗಡ ಗಡ ಆಡಿದರೆ ರಬ್ಬರ್ ಮುಗಿದಿದೆ. ಅದೇನೂ ದುಬಾರಿ ಸಾಮಾನಲ್ಲ.

ಇಷ್ಟಾದ ಮೇಲೆ ಥ್ರಾಟಲ್ ಬಾಡಿ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ದಾರಿ, ಕ್ಲೀನ್ ಮಾಡಿಸಿ. ರೇಸ್ ಕೊಟ್ಟಾಗ ಅದರೊಳಗೆ ತೆರೆಯುವ ಬಟರ್‌ಫ್ಲೈ ಮುಚ್ಚಳದ ಸುತ್ತ ಮಸಿ ಕೂತರೆ ಮೊದಲ ಎಳೆತ ಅಂಟಂಟು. ಅಲ್ಲಿ ಕಂಪನಿಯಿಂದಲೇ ಸೀಲ್ ಮಾಡಿದ ಸ್ಕ್ರೂ ಇರುತ್ತದೆ, ಅದನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಏರ್ ಫಿಲ್ಟರ್, ಪ್ಲಗ್ಗನ್ನೂ ಅದೇ ದಿನ ನೋಡಿಸಿಬಿಡಿ.

ಓಡಿಸುವ ಕ್ರಮವನ್ನೂ ಸ್ವಲ್ಪ ಬದಲಿಸಬೇಕು. ಮುಂದಿನ ಸಿಟಿ ಬಸ್ ಗಕ್ಕಂತ ನಿಲ್ಲಿಸುತ್ತದೆ, ನೀವು ರೇಸ್ ಪೂರ್ತಿ ಬಿಡುತ್ತೀರಿ, ಬಸ್ ಹೊರಟ ಕೂಡಲೇ ಕೊಡುತ್ತೀರಿ. ಜರ್ಕ್ ಅಲ್ಲೇ ಹುಟ್ಟುವುದು. ಹಾಗೆ ಮಾಡದೆ ರೇಸ್ ಒಂದೇ ಸಮ ಸ್ವಲ್ಪ ಹಿಡಿದಿಟ್ಟು, ವೇಗವನ್ನು ಹಿಂದಿನ ಬ್ರೇಕ್ ಮತ್ತು ಹಾಫ್ ಕ್ಲಚ್‌ನಲ್ಲಿ ಸುಧಾರಿಸಿ. ಹಿಂದಿನ ಬ್ರೇಕ್ ಹಗುರಾಗಿ ಒತ್ತಿದ್ದರೆ ಚೈನ್ ಬಿಗಿಯಾಗಿಯೇ ಇರುತ್ತದೆ. ಹಂಪ್ ಬಂದಾಗ ಹೆಬ್ಬೆರಳನ್ನು ಸ್ವಿಚ್ ಡಬ್ಬಿಗೆ ಆನಿಸಿ, ಗಾಡಿ ಕುಣಿದರೂ ಮಣಿಕಟ್ಟು ಕುಣಿಯುವುದಿಲ್ಲ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಒದ್ದೆ ಕಾಂಕ್ರೀಟ್ ರಸ್ತೆಯಲ್ಲಿ ತಿರುವಿನ ಮಧ್ಯೆ ಜರ್ಕ್ ಹೊಡೆದರೆ ಹಿಂದಿನ ಟೈರ್ ಜಾರುತ್ತದೆ, ಹಿಂದೆ ಅಮ್ಮ ಬೇರೆ ಇದ್ದಾರೆ.

ಆ ಡಬ್ಬಿ ಹಾಕಿದರೆ ಗಾಡಿ ಸ್ವಲ್ಪ ನಯವಾಗುವುದು ಹೌದು. ಆದರೆ ಸವೆದ ರಬ್ಬರ್ ಸವೆದೇ ಇರುತ್ತದೆ. ವಾರಂಟಿಗೆ ತಕರಾರು ಬರಬಹುದು, ಹೊಗೆ ಟೆಸ್ಟಿನಲ್ಲೂ ತೊಂದರೆ ಆಗಬಹುದು. ಇದೆಲ್ಲ ಮಾಡಿಸಿದ ಮೇಲೂ ನಿಮಗೆ ಸಮಾಧಾನ ಇಲ್ಲದಿದ್ದರೆ ಇನ್ನೊಮ್ಮೆ ಬರೆಯಿರಿ, ಆಗ ಅದರ ಮಾತಾಡೋಣ.

ಪ್ರಶ್ನೆ: 2009ರ 150 ಸಿಸಿ ಕಾರ್ಬುರೇಟರ್ ಬೈಕ್. ಬೇಸಿಗೆಯಲ್ಲಿ ಚೆನ್ನಾಗಿರುತ್ತದೆ, ಜೂನ್ ಬಂದರೆ ಸಣ್ಣ ಸ್ಪೀಡಿನಲ್ಲಿ ಕಟ್ ಕಟ್ ಆಗಿ ಜಗ್ಗುತ್ತದೆ.
— ಓದುಗರು, ಕಾಪು

ಉತ್ತರ: ಮಳೆಗಾಲದಲ್ಲಿ ಮಾತ್ರ ಅಂದರೆ ನನಗೆ ಅನುಮಾನ ನೀರಿನ ಮೇಲೆ. ಕಾರ್ಬುರೇಟರ್ ತಳದ ಡ್ರೈನ್ ಸ್ಕ್ರೂ ಬಿಚ್ಚಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನೀರು ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ನೀರು ಸೇರಿದರೆ ಎಥನಾಲೂ ಅದರ ಜೊತೆ ಕೆಳಗೆ ಇಳಿಯುತ್ತದೆ. ನೀರು ಬರುವುದು ಹೆಚ್ಚಾಗಿ ಟ್ಯಾಂಕ್ ಮುಚ್ಚಳದ ಕಡೆಯಿಂದ. ಮುಚ್ಚಳ ತೆರೆದು ನೋಡಿ, ಅಂಚಿನ ತಗ್ಗಿನಲ್ಲಿ ಒಂದು ಸಣ್ಣ ತೂತು ಇದ್ದರೆ ಅದು ಮಳೆನೀರು ಹರಿದುಹೋಗುವ ದಾರಿ. ಧೂಳು, ಕೆಸರು ಕಟ್ಟಿದರೆ ನೀರು ಅಲ್ಲೇ ನಿಂತು ಟ್ಯಾಂಕಿಗೆ ಇಳಿಯುತ್ತದೆ. ಮೊದಲು ಆ ತೂತು ಬಿಡಿಸಿ, ಆಮೇಲೆ ಕಾರ್ಬುರೇಟರ್ ಮತ್ತು ಟ್ಯಾಂಕ್ ಎರಡನ್ನೂ ಖಾಲಿ ಮಾಡಿಸಿ ಹೊಸ ಪೆಟ್ರೋಲ್ ಹಾಕಿ.