ಅಮ್ಮನ ಮೊಣಕಾಲಿಗೆ ಕಣ್ಣೂರೇ ಅನುಕೂಲ

ಮೊಣಕಾಲು ನೋವಿರೋ ಅಮ್ಮನನ್ನು ವಿರಾಜಪೇಟೆಯಿಂದ ವಿಮಾನಕ್ಕೆ ಕರೆದೊಯ್ಯಲು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಒಳ್ಳೆಯದೋ ಕೇರಳದ ಕಣ್ಣೂರಿನದೋ, ಕಾರು ಅಲ್ಲೇ ಬಿಡೋದೋ ಅಂತ ಕೇಳಿದ್ದೀರಲ್ಲ. ಮಂಡಕಳ್ಳಿಯಲ್ಲಿ ಕಾರು ನಿಲ್ಲಿಸಿದರೆ ಟರ್ಮಿನಲ್ ಕಣ್ಣೆದುರೇ, ನಿಜ. ಆದರೆ ರನ್‌ವೇ 1,740 ಮೀಟರ್ ಅಷ್ಟೇ, ಇಳಿಯೋದು ಎಟಿಆರ್‌ನಂಥ ಸಣ್ಣ ವಿಮಾನ. ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ಸೇರಿಸೋ ಏರೋಬ್ರಿಡ್ಜ್ ಇಲ್ಲ, ಬಿಸಿಲೋ ಮಳೆಯೋ, ಬಯಲಲ್ಲಿ ಹೋಗಿ ಮೆಟ್ಟಿಲೋ ರ‍್ಯಾಂಪೋ ಹತ್ತಬೇಕು. ಮೊಣಕಾಲಿಗೆ ಅದೇ ಕಷ್ಟ. ಕಣ್ಣೂರಲ್ಲಿ ಏರೋಬ್ರಿಡ್ಜ್ ಇದೆ, ನಿಮಗೆ ದೂರವೂ ಕಮ್ಮಿ. ನೀವು ಹೋಗೋ ಊರಿಗೆ ಅಲ್ಲಿಂದ ವಿಮಾನ ಇದ್ದರೆ ಯೋಚಿಸಲೇಬೇಡಿ. ಮಳೆಗಾಲದಲ್ಲಿ ಮಾತ್ರ ಕಣ್ಣೂರಿನ ದಾರಿಯ ಮಾಕುಟ್ಟ ಘಾಟಿ ನಂಬೋ ಹಾಗಿಲ್ಲ, ಒಂದು ಮರ ಬಿದ್ದರೂ ಸಾಲುಗಟ್ಟಿ ನಿಲ್ಲಬೇಕಾಗುತ್ತೆ, ಬೇಗ ಹೊರಡಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ, ತಡ ಅಂದರೂ 48 ಗಂಟೆ ಮೊದಲು, ವಿಮಾನ ಕಂಪನಿಗೆ ಹೇಳಿಬಿಡಿ. ದಿನಗಟ್ಟಲೆ ಕಾರು ಬಿಟ್ಟರೆ ಪಾರ್ಕಿಂಗ್ ದುಡ್ಡು ಏರುತ್ತಲೇ ಇರುತ್ತೆ. ಗೊತ್ತಿರೋ ಡ್ರೈವರ್ ಇದ್ದರೆ ಬಾಗಿಲಲ್ಲಿ ಇಳಿಸಿ ಕಾರು ವಾಪಸ್ ತರಲಿ.